ಸಾಲ ಮಾಡಿ ಯುರೋಪ್ ನೋಡಿ ಬಂದರೆ ಮತ್ತೆ ಚಿತ್ರ ಬರುತ್ತಾ?

ಓದುಗರ ಪ್ರಶ್ನೆ: ಸರ್, ನನಗೆ 36 ವರ್ಷ. ಮಂಡ್ಯದ ಹತ್ತಿರ ಒಂದು ಹಳ್ಳಿ. ಡ್ರಾಯಿಂಗ್ ಡಿಪ್ಲೊಮಾ ಮಾಡಿಕೊಂಡು ಶಾಲೆಯೊಂದರಲ್ಲಿ ಪಾರ್ಟ್ ಟೈಮ್ ಚಿತ್ರಕಲಾ ಟೀಚರ್ ಆಗಿದ್ದೇನೆ. ಒಂಬತ್ತು ವರ್ಷದಿಂದ ಆರ್ಡರ್ ಮೇಲೆ ಪೋರ್ಟ್ರೇಟ್ ಬರೆದುಕೊಡುತ್ತೇನೆ. ವಾಟ್ಸಾಪ್‌ನಲ್ಲಿ ಫೋಟೋ ಬರುತ್ತೆ, ನೋಡಿ ಬರೆದು ಕಳಿಸ್ತೀನಿ. ನನ್ನದೇ ಅಂತ ಒಂದು ಚಿತ್ರ ಮಾಡೋಣ ಅಂತ ಕ್ಯಾನ್ವಾಸ್ ಕಟ್ಟಿಟ್ಟು ಎಂಟು ತಿಂಗಳಾಯಿತು, ಇನ್ನೂ ಬಿಳಿಯಾಗೇ ಇದೆ. ಸ್ಫೂರ್ತಿ ಬರಲಿ ಅಂತ ಮೊನ್ನೆ ಬೆಂಗಳೂರಿಗೆ ಹೋಗಿ ಒಂದು ದೊಡ್ಡ ಗ್ಯಾಲರಿ ನೋಡಿದೆ. ಮೂರು ಗಂಟೆ ಸುತ್ತಿ ನೂರಾರು ಫೋಟೋ ತೆಗೆದೆ. ಬರುವಾಗ ತಲೆನೋವು, ಬಂದ ಮೇಲೆ ಇನ್ನೂ ಕುಗ್ಗಿಹೋದೆ. ಪರಿಚಯದ ಹಿರಿಯ ಕಲಾವಿದರೊಬ್ಬರು "ಲೋಕ ನೋಡದೆ ಚಿತ್ರ ಬರೆಯೋಕಾಗಲ್ಲ, ಪ್ಯಾರಿಸ್ಸಿಗೆ ಹೋಗಿ ಬಾ" ಅಂತಾರೆ. ಟೂರ್‌ನವರು ಹತ್ತು ದಿನಕ್ಕೆ ಮೂರು ಲಕ್ಷದ ಮೇಲೆ ಹೇಳ್ತಿದ್ದಾರೆ. ಸಂಘದಲ್ಲಿ ಸಾಲ ಸಿಗುತ್ತೆ. ಇನ್ನೊಬ್ಬರು "ಬೇರೆಯವರ ಚಿತ್ರ ಜಾಸ್ತಿ ನೋಡಿದರೆ ನಿನ್ನ ಶೈಲಿ ಕೆಟ್ಟುಹೋಗುತ್ತೆ" ಅಂತಾರೆ. ತಂಗಿ "ಮತ್ತೆ ಕಾಲೇಜಿಗೆ ಸೇರು" ಅಂತಾಳೆ. ಯಾರ ಮಾತು ಕೇಳಲಿ? ನಾನು ಬರೆದ ಮೂರು ಚಿತ್ರಗಳ ಫೋಟೋ ಕಳಿಸಿದ್ದೇನೆ.

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಚಿತ್ರಗಳನ್ನು ಅದಕ್ಕಿಂತ ಜಾಸ್ತಿ ಹೊತ್ತು ನೋಡಿದೆ. ನೀವು ಕೇಳಿರುವುದು ಯುರೋಪಿಗೆ ಹೋಗಲಾ ಬೇಡವಾ ಅಂತ. ಆದರೆ ಒಳಗೆ ಕೊರೆಯುತ್ತಿರುವುದು ಬೇರೆ ಅಂತ ನನಗೆ ಅನಿಸುತ್ತೆ. ಒಂಬತ್ತು ವರ್ಷ ಬೇರೆಯವರಿಗೆ ಬರೆದುಕೊಟ್ಟು ಬರೆದುಕೊಟ್ಟು, ನನ್ನೊಳಗೆ ನನ್ನದು ಅಂತ ಏನಾದರೂ ಉಳಿದಿದೆಯಾ ಅನ್ನುವ ಭಯ ಅದು. ಮೈಸೂರಿನಲ್ಲಿ 27 ವರ್ಷದಿಂದ ಬರೆಯುತ್ತಾ, ಕಲಿಸುತ್ತಾ ಇದ್ದೇನೆ. ಈ ಭಯ ಹೊತ್ತು ಬಂದವರನ್ನು ಬಹಳ ನೋಡಿದ್ದೇನೆ. ಅವರಲ್ಲಿ ಮುಕ್ಕಾಲು ಪಾಲು ಜನರಿಗೆ ಕೊರತೆ ಇದ್ದದ್ದು ನೋಡುವ ಜಾಗಗಳದ್ದಲ್ಲ.

ಮೊದಲು ನಿಮ್ಮ ಚಿತ್ರಗಳ ಮಾತು. ಮದುವೆ ಜೋಡಿಯ ಚಿತ್ರದಲ್ಲಿ ಹೋಲಿಕೆ ಚೆನ್ನಾಗಿ ಬಂದಿದೆ, ಜರಿ ಸೀರೆ ನೀಟಾಗಿದೆ. ಆದರೆ ಗಂಡಿನ ಗದ್ದದ ಕೆಳಗಿನ ನೆರಳು ಕಪ್ಪು. ಹೆಣ್ಣಿನ ಕಿವಿಯ ಹಿಂದೆ ಕಪ್ಪು. ಮಗುವಿನ ಚಿತ್ರದಲ್ಲಿ ತೊಟ್ಟಿಲಿನ ಒಳಗೆ ಕಪ್ಪು. ಯಾವ ನೆರಳಲ್ಲೂ ಬಣ್ಣ ಇಲ್ಲ. ಮೂರನೆಯದು ಅಜ್ಜಿಯ ಚಿತ್ರ. ಅಲ್ಲೂ ಮುಖ ಹಾಗೇ ಇದೆ. ಆದರೆ ಬಲಗಡೆ ಮೂಲೆಯಲ್ಲಿ ಒಂದು ತಾಮ್ರದ ಚೆಂಬು ಇದೆಯಲ್ಲ, ಅದನ್ನು ನೋಡಿ ನಾನು ಎದ್ದು ಕೂತೆ. ಚೆಂಬಿನ ಹೊಟ್ಟೆಯ ಕೆಳಗೆ ನೆಲದ ಕೆಂಪು ಪ್ರತಿಫಲಿಸಿದೆ. ಅದರ ನೆರಳು ಒಂದು ಕಡೆ ಕಂದು, ಅಂಚಿಗೆ ಬರ್ತಾ ಬರ್ತಾ ನೀಲಿ. ಅದೊಂದನ್ನು ನೀವು ಎದುರಿಗಿಟ್ಟುಕೊಂಡು ಬರೆದಿದ್ದೀರಿ, ಅಲ್ವಾ? ಫೋಟೋದಲ್ಲಿ ಇರಲಿಲ್ಲ, ಮೂಲೆ ಖಾಲಿ ಕಾಣ್ತಿತ್ತು ಅಂತ ಮನೆಯ ಚೆಂಬು ತಂದಿಟ್ಟುಕೊಂಡಿರಬೇಕು. ಆ ಎರಡು ಇಂಚಿನ ಚೆಂಬಿನಲ್ಲಿ ಒಬ್ಬ ಪೇಂಟರ್ ಇದ್ದಾರೆ. ಉಳಿದ ಕಡೆ ಫೋಟೋ ಇದೆ.

ಕಾರಣ ಹೇಳುತ್ತೇನೆ. ಬೆಳಕು ಮತ್ತು ಕತ್ತಲಿನ ನಡುವೆ ನಮ್ಮ ಕಣ್ಣು ಹಿಡಿಯುವಷ್ಟು ಅಂತರವನ್ನು ಫೋನ್ ಕ್ಯಾಮೆರಾ ಹಿಡಿಯುವುದಿಲ್ಲ. ಮುಖದ ಬೆಳಕಿಗೆ ಹೊಂದಿಸಿಕೊಂಡರೆ ನೆರಳನ್ನು ಕಪ್ಪು ಮಾಡಿಬಿಡುತ್ತೆ. ಫ್ಲಾಶ್ ಹಾಕಿದರೆ ಮುಖವನ್ನೇ ರೊಟ್ಟಿಯ ಹಾಗೆ ಚಪ್ಪಟೆ ಮಾಡುತ್ತೆ. ಹೊಸ ಫೋನುಗಳು ನೆರಳನ್ನು ಎಳೆದು ಬೆಳಗಿಸುತ್ತವೆ, ಆಗ ಎಲ್ಲವೂ ಒಂದೇ ಬೂದು. ನಿಜವಾದ ನೆರಳಿನಲ್ಲಿ ಬಣ್ಣ ಇರುತ್ತೆ. ಸಂಜೆ ಹಳದಿ ಬಿಸಿಲಿನಲ್ಲಿ ಗೋಡೆಯ ಮೇಲೆ ಬಿದ್ದ ನೆರಳು ನೀಲಿ ಕಡೆಗೆ ವಾಲುತ್ತೆ, ಯಾಕೆಂದರೆ ಸೂರ್ಯನ ಬೆಳಕು ತಲುಪದ ಜಾಗಕ್ಕೆ ಆಕಾಶದ ಬೆಳಕು ತಲುಪುತ್ತೆ. ಒಂಬತ್ತು ವರ್ಷ ಫೋಟೋದ ನೆರಳನ್ನೇ ನಕಲು ಮಾಡಿದ ಕೈಗೆ ನೆರಳು ಅಂದರೆ ಕಪ್ಪು ಅಂತ ರೂಢಿಯಾಗಿಬಿಟ್ಟಿದೆ. ಕಣ್ಣು ನೋಡುವುದನ್ನು ಬಿಟ್ಟಿದೆ. ನೋಡದ ಕಣ್ಣನ್ನು ಬೆಂಗಳೂರಿಗೆ ಕರಕೊಂಡು ಹೋದರೂ ಅಷ್ಟೆ, ಪ್ಯಾರಿಸ್ಸಿಗೆ ಕರಕೊಂಡು ಹೋದರೂ ಅಷ್ಟೆ. ಆರ್ಡರ್ ಕೆಲಸ ಕೀಳು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಅದು ನಿಮ್ಮ ಮನೆ ನಡೆಸಿದೆ, ಕೈಗೆ ಹಿಡಿತ ಕೊಟ್ಟಿದೆ.

ಇನ್ನು ಗ್ಯಾಲರಿಯ ತಲೆನೋವು. ಅದು ನಿಮ್ಮ ಕೊರತೆ ಅಲ್ಲ. ಮ್ಯೂಸಿಯಮ್ಮಿನಲ್ಲಿ ಬರುವ ಸುಸ್ತಿನ ಬಗ್ಗೆ ಬಾಸ್ಟನ್ನಿನ ಕಲಾ ಮ್ಯೂಸಿಯಮ್ಮಿನಲ್ಲಿದ್ದ ಬೆಂಜಮಿನ್ ಗಿಲ್ಮನ್ 1916ರಲ್ಲೇ ಬರೆದಿದ್ದಾರೆ. ನೂರು ಚಿತ್ರ ಅಂದರೆ ನೂರು ಜನ ಒಟ್ಟಿಗೆ ಮಾತಾಡಿದ ಹಾಗೆ. ಜೊತೆಗೆ ನೀವು ಫೋಟೋ ತೆಗೆದಿರಿ. ಕ್ಲಿಕ್ ಮಾಡಿದ ತಕ್ಷಣ "ಸಿಕ್ಕಿತು" ಅಂತ ಮನಸ್ಸು ಆ ಚಿತ್ರವನ್ನು ಬಿಟ್ಟು ಮುಂದಕ್ಕೆ ಹೋಗುತ್ತೆ. ಈಗ ಕೇಳುತ್ತೇನೆ, ಆ ನೂರಾರು ಫೋಟೋಗಳಲ್ಲಿ ಎಷ್ಟನ್ನು ಮತ್ತೆ ತೆಗೆದು ನೋಡಿದ್ದೀರಿ?

ನನಗೂ ಇದು ಆಗಿದೆ. ಅಜಂತಾಗೆ ಮೊದಲ ಸಲ ಹೋದಾಗ ನನಗೆ 26. ಸಾಲ ಮಾಡಿಯೇ ಹೋಗಿದ್ದೆ. ಎರಡು ದಿನದಲ್ಲಿ ಒಂದು ಗುಹೆಯೂ ಬಿಡದೆ ನೋಡಿದೆ. ಬಂದ ಮೇಲೆ ಆರು ತಿಂಗಳು ಒಂದು ಗೆರೆ ಎಳೆಯಲಿಲ್ಲ. ಅಷ್ಟು ದೊಡ್ಡದನ್ನು ನೋಡಿ ಬಂದವನಿಗೆ ತನ್ನ ಕೆಲಸ ಏನೂ ಅಲ್ಲ ಅನಿಸಿಬಿಟ್ಟಿತ್ತು. ಎರಡನೇ ಸಲ ಹೋದದ್ದು ಹನ್ನೊಂದು ವರ್ಷ ಆದ ಮೇಲೆ. ಆಗ ನಾನು ಹೂ ಕಟ್ಟುವ ಹೆಂಗಸರ ಚಿತ್ರಗಳನ್ನು ಮಾಡ್ತಿದ್ದೆ, ಕೈಗಳು ಸರಿಯಾಗಿ ಬರ್ತಿರಲಿಲ್ಲ. ಬೆರಳುಗಳು ಕಡ್ಡಿಯ ಹಾಗೆ ನಿಲ್ಲುತ್ತಿದ್ದವು. ಈ ಒಂದು ತೊಂದರೆ ಹೊತ್ತುಕೊಂಡು ಹೋದೆ. 1ನೇ ಗುಹೆಯ ಗೋಡೆಯಲ್ಲಿರುವ ಬೋಧಿಸತ್ವ ಪದ್ಮಪಾಣಿಯ ಚಿತ್ರದ ಮುಂದೆ ನಿಂತು ತಾವರೆ ಹಿಡಿದ ಆ ಕೈ ಮಾತ್ರ ನೋಡಿದೆ. ಜನ ಜಾಸ್ತಿ ಇದ್ದರು, ಕಾವಲಿನವರು ಮುಂದೆ ಹೋಗಿ ಅಂದರು. ಹೊರಗೆ ಬಂದು ಕಲ್ಲಿನ ಮೇಲೆ ಕೂತು ನೆನಪಿನಿಂದ ಬರೆದೆ. ತಪ್ಪಾಯಿತು. ಮತ್ತೆ ಒಳಗೆ ಹೋಗಿ ನೋಡಿದೆ, ಮತ್ತೆ ಬಂದು ಬರೆದೆ. ಹೀಗೆ ಏಳೆಂಟು ಸಲ. ಕೊನೆಗೆ ತಿಳಿಯಿತು, ಆ ಬೆರಳುಗಳಲ್ಲಿ ಗಂಟೇ ಇಲ್ಲ, ಮಣಿಕಟ್ಟಿನಿಂದ ಉಗುರಿನ ತನಕ ಒಂದೇ ಗೆರೆ ಬಾಗುತ್ತಾ ಹೋಗುತ್ತೆ, ಬಳ್ಳಿಯ ಹಾಗೆ. ಊರಿಗೆ ಬಂದ ಮಾರನೇ ದಿನ ದೇವರಾಜ ಮಾರ್ಕೆಟ್ಟಿನಲ್ಲಿ ಹೂವಿನ ಅಂಗಡಿಯ ಎದುರು ಕೂತೆ. ಮಲ್ಲಿಗೆ ಕಟ್ಟುವ ಕೈಯಲ್ಲಿ ಅದೇ ಗೆರೆ ಕಂಡಿತು. ಮುಂದಿನ ಎರಡು ವರ್ಷದ ಕೆಲಸ ಅಲ್ಲಿಂದ ಹುಟ್ಟಿತು.

ಎರಡು ಪ್ರವಾಸದ ನಡುವೆ ಅಜಂತಾ ಬದಲಾಗಿರಲಿಲ್ಲ. ಎರಡನೇ ಸಲ ನನ್ನ ಕೈಯಲ್ಲಿ ಒಂದು ಪ್ರಶ್ನೆ ಇತ್ತು. ನಿಮ್ಮ ಇಡೀ ಪತ್ರಕ್ಕೆ ನಾನು ಕೊಡುವ ಉತ್ತರ ಇದೇ.

ಈಗ ಆ ಹಿರಿಯರು ಹೇಳಿದ ಮಾತು ನೋಡೋಣ. ಲೋಕ ನೋಡದೆ ಆಗಲ್ಲ ಅಂತಾರೆ. ಪ್ರವಾಸ ಕೆಲವರನ್ನು ಬದಲಾಯಿಸಿದ್ದು ನಿಜ. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ 1936ರ ಕೊನೆಯಲ್ಲಿ ದಕ್ಷಿಣದ ಪ್ರವಾಸ ಹೊರಟು ಅಜಂತಾ ನೋಡಿದರು, ಕನ್ಯಾಕುಮಾರಿ ತನಕ ಬಂದರು, 1937ರಲ್ಲಿ ದಕ್ಷಿಣ ಭಾರತದ ಮೂರು ಪ್ರಸಿದ್ಧ ಚಿತ್ರಗಳನ್ನು ಬರೆದರು. ಆದರೆ ಅವರು ಖಾಲಿ ಕೈಯಲ್ಲಿ ಹೊರಟವರಲ್ಲ. ಪ್ಯಾರಿಸ್ಸಿನಲ್ಲಿ ಕಲಿತ ಎಣ್ಣೆಬಣ್ಣದಲ್ಲಿ ಇಲ್ಲಿಯ ಜನರನ್ನು ಹೇಗೆ ಹಿಡಿಯುವುದು ಅಂತ ಅದಕ್ಕೆ ಮುಂಚೆಯೇ ಒದ್ದಾಡುತ್ತಿದ್ದರು. ಅಜಂತಾ ಆ ಒದ್ದಾಟಕ್ಕೆ ಉತ್ತರ ಕೊಟ್ಟಿತು. ಫ್ರಾನ್ಸಿನ ಚಿತ್ರಕಾರ ದೆಲಕ್ರವಾ 1832ರಲ್ಲಿ ಮೊರಾಕ್ಕೊ ಕಡೆ ಹೋಗಿ ಸುಮಾರು ಆರು ತಿಂಗಳು ಇದ್ದು ಬಂದರು. ನೋಟ್‌ಪುಸ್ತಕಗಳ ತುಂಬ ಗೆರೆ, ನೀರುಬಣ್ಣ, ಪಕ್ಕದಲ್ಲಿ ಟಿಪ್ಪಣಿ. ಆಮೇಲೆ ಮೂವತ್ತು ವರ್ಷ ಆ ಪುಸ್ತಕಗಳನ್ನು ತೆಗೆದು ತೆಗೆದು ಚಿತ್ರ ಬರೆದರು.

ಇನ್ನೊಂದು ಕಡೆ ಆನ್ರಿ ರುಸೋ ಇದ್ದಾರೆ. ಪ್ಯಾರಿಸ್ಸಿನಲ್ಲಿ ಸುಂಕದ ಕಟ್ಟೆಯ ಗುಮಾಸ್ತ. ಹುಲಿ, ಸಿಂಹ, ದಟ್ಟ ಕಾಡು ಬರೆದು ಹೆಸರಾದವರು. ಅವರು ಫ್ರಾನ್ಸ್ ಬಿಟ್ಟು ಹೊರಗೆ ಹೋಗಲೇ ಇಲ್ಲ. ಊರಿನ ಸಸ್ಯತೋಟಕ್ಕೆ ಹೋಗಿ ಎಲೆಗಳನ್ನು ನೋಡುತ್ತಿದ್ದರು, ಅಷ್ಟೆ. ಇಟಲಿಯ ಮೊರಾಂದಿ ಬೊಲೊನ್ಯಾ ಊರಿನ ತಮ್ಮ ಕೋಣೆಯಲ್ಲಿ ಬಾಟಲಿ, ಹೂಜಿ, ಡಬ್ಬಿ ಇಟ್ಟುಕೊಂಡು ಜೀವನಪೂರ್ತಿ ಅವನ್ನೇ ಬರೆದರು. ನಿಮ್ಮ ಚೆಂಬು ನೋಡಿದಾಗ ನನಗೆ ನೆನಪಾದದ್ದು ಅವರೇ.

"ಬೇರೆಯವರ ಚಿತ್ರ ನೋಡಿದರೆ ಶೈಲಿ ಕೆಡುತ್ತೆ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸಂಗೀತದವರಿಗೆ ಯಾರಾದರೂ ಹಾಡು ಕೇಳಬೇಡ ಅಂತಾರಾ? ಮೈಸೂರಿನಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರು ಕಲ್ಕತ್ತಾಗೆ ಹೋಗಿ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿತರು. ಹಿಂದಿರುಗಿ ಬಂದು ಬರೆದ ಊಟಿಯ ಜಲವರ್ಣಗಳಲ್ಲಿ ಮಂಜು, ಬೆಟ್ಟದ ಇಳಿಜಾರು, ಮಳೆ ಬರುವ ಮುಂಚಿನ ಬೆಳಕು ನೋಡಿದರೆ ಗುರುಗಳ ನೆರಳಿನಲ್ಲಿ ಕೂತವರು ಅಂತ ಅನಿಸುವುದಿಲ್ಲ. ವ್ಯಾನ್ ಗೋ ಜಪಾನಿನ ಹಿರೋಶಿಗೆಯ ಚಿತ್ರಗಳನ್ನು 1887ರಲ್ಲಿ ಕೂತು ನಕಲು ಮಾಡಿದರು. ಯಾರಾದರೂ ಅವರನ್ನು ಹಿರೋಶಿಗೆ ಅಂತ ತಪ್ಪು ತಿಳಿಯುತ್ತಾರಾ? ಕೆಡುವುದು ಒಬ್ಬರನ್ನೇ ನೋಡಿದಾಗ. ಈಗಂತೂ ಫೋನಿನಲ್ಲಿ ಒಂದು ಚಿತ್ರ ಇಷ್ಟಪಟ್ಟರೆ ಸಾಕು, ಅದೇ ತರಹದ್ದು ಇನ್ನೂರು ಬರುತ್ತೆ. ಆರು ತಿಂಗಳು ಅದನ್ನೇ ನೋಡಿದರೆ ಕೈ ತಾನಾಗೇ ಆ ಕಡೆ ವಾಲುತ್ತೆ. ಮ್ಯೂಸಿಯಮ್ಮಿಗೆ ಹೋಗಬೇಡಿ ಅನ್ನುವ ಬದಲು ಆ ಇನ್ನೂರನ್ನು ಕಮ್ಮಿ ಮಾಡಿ ಅನ್ನಬಹುದಿತ್ತು.

ನಕಲು ಮಾಡುವುದು ಕಳ್ಳತನ ಅಲ್ವಾ ಅಂತ ನೀವು ಕೇಳಬಹುದು. ಅಭ್ಯಾಸಕ್ಕೆ ಮನೆಯಲ್ಲಿ ನಕಲು ಮಾಡಿದರೆ ತಪ್ಪಿಲ್ಲ. ಹಿಂದೆ "ಇಂಥವರ ಚಿತ್ರ ನೋಡಿ ಬರೆದದ್ದು" ಅಂತ ಬರೆದಿಡಿ. ಮಾರುವ ಹಾಗಿದ್ದರೆ ಮಾತ್ರ ಹುಷಾರು. ನಮ್ಮ ದೇಶದಲ್ಲಿ ಕಲಾವಿದರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತೆ. ರವಿವರ್ಮ 1906ರಲ್ಲಿ ತೀರಿಕೊಂಡರು, ಆ ಅವಧಿ ಯಾವಾಗಲೋ ಮುಗಿದಿದೆ. ಇತ್ತೀಚಿನವರದ್ದಾದರೆ ಕೇಳದೆ ಮಾರಬೇಡಿ.

ಈಗ ನೀವು ಏನು ಮಾಡಬಹುದು ಅಂತ ನೋಡೋಣ. ನಿಮ್ಮ ಪ್ರಶ್ನೆಯನ್ನು ನಾನೇ ಹುಡುಕಿಕೊಡುತ್ತೇನೆ, ಯಾಕೆಂದರೆ ಅದು ನಿಮ್ಮ ಚಿತ್ರದಲ್ಲೇ ಇದೆ: ನೆರಳಿನಲ್ಲಿ ಯಾವ ಬಣ್ಣ ಇದೆ? ಮುಂದಿನ ನಾಲ್ಕೈದು ತಿಂಗಳು ಇದೊಂದನ್ನೇ ಹಿಡಿದುಕೊಂಡು ಓಡಾಡಿ.

ಮೊದಲು ಮೈಸೂರಿನ ಜಗನ್ಮೋಹನ ಅರಮನೆ. 1861ರಲ್ಲಿ ಕಟ್ಟಿದ್ದು, 1915ರಿಂದ ಚಿತ್ರಶಾಲೆ. ನೀವು ಶಾಲಾ ಪ್ರವಾಸದಲ್ಲಿ ಮಕ್ಕಳನ್ನು ಕರಕೊಂಡು ಹೋಗಿರುತ್ತೀರಿ. ಅಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ಅದನ್ನು ರವಿವರ್ಮನದ್ದು ಅಂತ ಈಗಲೂ ಎಷ್ಟೋ ಜನ ಹೇಳ್ತಾರೆ. ನಿಮ್ಮ ಮಕ್ಕಳಿಗೂ ಹಾಗೇ ಹೇಳಿದ್ದರೆ ತಿದ್ದಿಬಿಡಿ. ಬರೆದವರು ಎಸ್.ಎಲ್. ಹಲ್ದಣಕರ್, 1945-46ರ ಸುಮಾರಿಗೆ. ದೀಪ ಹಿಡಿದು ನಿಂತದ್ದು ಅವರ ಮಗಳು. ಅದು ಎಣ್ಣೆಬಣ್ಣದ ಚಿತ್ರವೂ ಅಲ್ಲ, ಜಲವರ್ಣ. ಜಲವರ್ಣದಲ್ಲಿ ಬೆಳಕು ಅಂದರೆ ಕಾಗದದ ಬಿಳುಪು. ಮೇಲೆ ಬಣ್ಣ ಬಿದ್ದರೆ ಬೆಳಕು ಹೋಯಿತು, ಎಣ್ಣೆಬಣ್ಣದ ಹಾಗೆ ಆಮೇಲೆ ಬಿಳಿ ಹಚ್ಚಿ ಸರಿಮಾಡೋಣ ಅನ್ನುವ ಹಾಗಿಲ್ಲ.

ಆ ಚಿತ್ರದ ಮುಂದೆ ಒಂದು ಗಂಟೆ ನಿಲ್ಲಿ. ಬೇರೆ ಯಾವುದನ್ನೂ ಆ ದಿನ ನೋಡಬೇಡಿ. ಹದಿನೈದು ನಿಮಿಷ ಆಗುವಾಗ ಬೇಜಾರು ಬರುತ್ತೆ, ಎಲ್ಲರಿಗೂ ಬರುತ್ತೆ, ಅದನ್ನು ದಾಟಿ. ಆಮೇಲೆ ಜ್ವಾಲೆಗೆ ಅಡ್ಡ ಹಿಡಿದ ಆ ಕೈ ನೋಡಿ. ಬೆರಳಿನ ಸಂದಿಯಲ್ಲಿ ಬೆಳಕು ಚರ್ಮದೊಳಗಿಂದ ಹಾದು ಕೆಂಪಾಗಿದೆ. ಸೀರೆಯ ಮಡಿಕೆಗಳಲ್ಲಿ ನೆರಳು ಇದೆ, ಆದರೆ ಅಚ್ಚ ಕಪ್ಪು ಎಲ್ಲಿದೆ ಅಂತ ಹುಡುಕಿ. ದೀಪದ ನೆರಳು ಬಿಸಿ ಇರುತ್ತೆ, ಕಂದು, ಕೆಂಗಂದು. ಬಿಸಿಲಿನ ನೆರಳಿನ ಹಾಗೆ ತಣ್ಣಗೆ ಇರುವುದಿಲ್ಲ. ಫೋನಿನಲ್ಲಿ ಆ ಚಿತ್ರವನ್ನು ಸಾವಿರ ಸಲ ನೋಡಿರುತ್ತೀರಿ, ಈ ವ್ಯತ್ಯಾಸ ಅದರಲ್ಲಿ ಸಿಗುವುದಿಲ್ಲ. ಜೇಬಿನಲ್ಲಿ ಸಣ್ಣ ಪುಸ್ತಕ, ಪೆನ್ಸಿಲ್ ಇರಲಿ. ಚಿತ್ರ ಬಿಡಿಸಲು ಬಿಡದಿದ್ದರೆ ಮಾತಿನಲ್ಲಿ ಬರೆದುಕೊಳ್ಳಿ: "ಗದ್ದದ ಕೆಳಗೆ, ಹುಣಸೆಹಣ್ಣಿನ ಬಣ್ಣ." ನಿಮ್ಮ ಮನೆಮಾತಿನಲ್ಲಿ ಬರೆದುಕೊಂಡ ಬಣ್ಣ ಮರೆಯುವುದಿಲ್ಲ.

ಅಲ್ಲಿಂದ ಬಂದ ದಿನವೇ, ಅಥವಾ ಮಾರನೇ ಬೆಳಿಗ್ಗೆ, ಏನಾದರೂ ಬರೆಯಬೇಕು. ಒಂದು ಅಂಗೈ ಅಗಲದ ಕಾಗದ ಸಾಕು. ಬಿಸಿ ಆರಿದ ಮೇಲೆ ಕೂತರೆ ಮತ್ತೆ ಫೋಟೋ ನಕಲು ಮಾಡುವ ಕೈ ಎದ್ದು ಬರುತ್ತೆ.

ಎರಡನೆಯದು ನಿಮ್ಮ ಜಿಲ್ಲೆಯಲ್ಲೇ ಇದೆ. ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ಅರಮನೆ ದರಿಯಾ ದೌಲತ್, 1784ರದ್ದು. ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಇದೆ. ನಡುವೆ ಕೆಂಪು ಕೋಟಿನ ಇಂಗ್ಲಿಷ್ ಸಿಪಾಯಿಗಳು ಚೌಕ ಕಟ್ಟಿ ನಿಂತಿದ್ದಾರೆ, ಸುತ್ತ ಮೈಸೂರಿನ ಕುದುರೆಗಳು, ಪಲ್ಲಕ್ಕಿಯಲ್ಲಿ ಗಾಯಗೊಂಡ ಕರ್ನಲ್ ಬೈಲಿ, ಸಿಡಿಯುತ್ತಿರುವ ಮದ್ದಿನ ಗಾಡಿ. ಇಲ್ಲಿ ನಿಮಗೆ ಬೇಕಾದದ್ದು ಉಲ್ಟಾ ಪಾಠ. ಈ ಗೋಡೆಯಲ್ಲಿ ನೆರಳೇ ಇಲ್ಲ ಅನ್ನಬಹುದು! ಅಷ್ಟು ಜನ, ಅಷ್ಟು ಕುದುರೆ, ಒಂದರ ಮೇಲೊಂದು ಸಾಲಾಗಿ ಪೇರಿಸಿದ್ದಾರೆ, ಆದರೂ ಕಣ್ಣು ದಾರಿ ತಪ್ಪುವುದಿಲ್ಲ. ನೆರಳಿಲ್ಲದೆ ಅದನ್ನು ಹೇಗೆ ಸಾಧಿಸಿದರು ಅಂತ ನೋಡಿ. ಅಂಚಿನ ಗೆರೆಯಿಂದ, ಒಂದೇ ಆಕಾರವನ್ನು ಮತ್ತೆ ಮತ್ತೆ ಬರೆದು ನಡುವೆ ಒಂದನ್ನು ಮುರಿಯುವುದರಿಂದ. ಒಂದು ಮಾತು ನೆನಪಿರಲಿ, ಈಗ ಕಾಣುವ ಬಣ್ಣವೆಲ್ಲ ಟಿಪ್ಪುವಿನ ಕಾಲದ್ದಲ್ಲ. ಹಲವು ಸಲ ಮೇಲೆ ಬರೆದಿದ್ದಾರೆ, 1850ರ ದಶಕದಲ್ಲಿ ಆಗಿನ ಗವರ್ನರ್ ಜನರಲ್ ಡಾಲ್‌ಹೌಸಿಯ ಆದೇಶದಂತೆ ಬರೆದದ್ದೂ ಅದರಲ್ಲಿ ಸೇರಿದೆ. ಹಾಗಾಗಿ ಬಣ್ಣಕ್ಕಿಂತ ಜೋಡಣೆಯನ್ನು ಕಲಿಯಿರಿ.

ಹಾಗೇ ಮೈಸೂರು ಶೈಲಿಯ ಹಳೆಯ ಚಿತ್ರಗಳು ಸಿಕ್ಕಿದ ಕಡೆ ಪಕ್ಕಕ್ಕೆ ಸರಿದು ನೋಡಿ. ಗೆಸ್ಸೋ ಅನ್ನುವ ಉಬ್ಬು ಲೇಪದ ಮೇಲೆ ಅಂಟಿಸಿದ ಚಿನ್ನದ ರೇಕು ನೀವು ಹೆಜ್ಜೆ ಇಟ್ಟ ಹಾಗೆ ಒಮ್ಮೆ ಹೊಳೆಯುತ್ತೆ, ಒಮ್ಮೆ ಕಂದಾಗುತ್ತೆ. ತಂಜಾವೂರಿನವರ ಉಬ್ಬು ದಪ್ಪ, ನಮ್ಮವರದ್ದು ತೆಳು, ಬೆರಳಿಗೆ ಸಿಕ್ಕಿಯೂ ಸಿಗದಷ್ಟು. ಎಣ್ಣೆದೀಪದಲ್ಲಿ ನೋಡಿದರೆ ಆ ತೆಳುವಿನ ಬೆಲೆ ಗೊತ್ತಾಗುತ್ತೆ. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯದಲ್ಲಿ ತೊಗಲು ಗೊಂಬೆಗಳಿವೆ. ಹದಮಾಡಿ ತೆಳುವಾಗಿಸಿದ ತೊಗಲಿಗೆ ಬಣ್ಣ ಹಾಕಿ ಹಿಂದೆ ದೀಪ ಇಟ್ಟು ಆಡಿಸುತ್ತಾರೆ, ಪರದೆ ಮೇಲೆ ಬೀಳುವುದು ಬಣ್ಣದ ನೆರಳು. ನಿಮ್ಮ ಪ್ರಶ್ನೆಗೆ ನಮ್ಮ ಹಳ್ಳಿಯವರು ಯಾವ ಕಾಲದಲ್ಲೋ ಕೊಟ್ಟ ಉತ್ತರ ಅದು. ಸೋಮನಾಥಪುರಕ್ಕೆ (13ನೇ ಶತಮಾನದ ಗುಡಿ) ಅಥವಾ ನಿಮಗೆ ಇನ್ನೂ ಹತ್ತಿರದ ಬಸರಾಳಿಗೆ (1234) ಬೆಳಿಗ್ಗೆ ಎಂಟಕ್ಕೆ ಹೋಗಿ, ಇನ್ನೊಂದು ದಿನ ಸಂಜೆ ನಾಲ್ಕೂವರೆಗೆ ಹೋಗಿ ಅದೇ ಶಿಲ್ಪ ನೋಡಿ. ಬಿಸಿಲು ಓರೆ ಬಿದ್ದಾಗ ಬಳಪದ ಕಲ್ಲಿನ ನೆರಳು ಹಸಿರುಬೂದಿಗೆ ತಿರುಗುತ್ತೆ. ಹೊರಡುವ ಮುಂಚೆ ಆ ದಿನ ತೆರೆದಿರುತ್ತಾ ಅಂತ ವಿಚಾರಿಸಿ. ರಿಪೇರಿ, ರಜೆ ಅಂತ ಬಾಗಿಲು ಹಾಕಿರುವುದುಂಟು.

ಈ ದಾರಿಯ ತೊಂದರೆ ಏನೆಂದರೆ, ಹತ್ತಿರದ್ದು ಅಂತ ಸಸಾರ ಆಗುತ್ತೆ. ಮುಂದಿನ ವಾರ ಹೋದರಾಯಿತು ಅಂತ ಆರು ತಿಂಗಳು ಕಳೆಯುತ್ತೆ. ತಿಂಗಳಿಗೆ ಎರಡು ದಿನ ಗುರುತು ಹಾಕಿಬಿಡಿ, ಆ ದಿನ ಆರ್ಡರ್ ಹಿಡಿಯಬೇಡಿ.

ಬೆಂಗಳೂರಿಗೆ ಮತ್ತೆ ಹೋಗಿ. ಬೆಳಿಗ್ಗೆ ರೈಲಿಗೆ ಹೊರಟರೆ ಸಂಜೆಗೆ ಮನೆ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ, ಕಸ್ತೂರಬಾ ರಸ್ತೆಯಲ್ಲಿ ವೆಂಕಟಪ್ಪ ಚಿತ್ರಶಾಲೆ, ಅದೇ ರಸ್ತೆಯಲ್ಲಿ 2023ರಲ್ಲಿ ಶುರುವಾದ ಮ್ಯಾಪ್ ಅನ್ನುವ ಕಲಾ ಮ್ಯೂಸಿಯಂ, ಇನ್ನು ಚಿತ್ರಕಲಾ ಪರಿಷತ್ತು. ಒಂದು ದಿನಕ್ಕೆ ಒಂದೇ ಜಾಗ, ಮೂರೇ ಚಿತ್ರ. ಮೊದಲು ಇಪ್ಪತ್ತು ನಿಮಿಷ ಎಲ್ಲ ಸುತ್ತಿ, ಕಾಲು ತಾನಾಗೇ ನಿಂತ ಮೂರನ್ನು ಆರಿಸಿ, ಮತ್ತೆ ಅವಕ್ಕೇ ವಾಪಸ್ ಹೋಗಿ. ಜನವರಿಯ ಚಿತ್ರಸಂತೆಗೂ ಹೋಗಬಹುದು, ಆದರೆ ಅಲ್ಲಿ ಜನರ ಕೆಲಸ, ಬೆಲೆ, ಮಾತು ತಿಳಿಯಲು ಹೋಗಿ. ಅಷ್ಟು ನೂಕುನುಗ್ಗಲಿನಲ್ಲಿ ಸ್ಫೂರ್ತಿ ಹುಡುಕಬೇಡಿ, ನಿಮಗೆ ಮತ್ತೆ ತಲೆನೋವು ಬರುತ್ತೆ.

ಯುರೋಪು. ನೇರವಾಗಿ ಹೇಳುತ್ತೇನೆ, ಈ ವರ್ಷ ಬೇಡ. ಸಾಲದ ಕಂತು ಕಟ್ಟಲು ನೀವು ಇನ್ನೂ ಜಾಸ್ತಿ ಆರ್ಡರ್ ಹಿಡಿಯಬೇಕು, ಅಂದರೆ ಇನ್ನೂ ಜಾಸ್ತಿ ಫೋಟೋ. ಯಾವುದರಿಂದ ಬಿಡಿಸಿಕೊಳ್ಳಬೇಕು ಅಂತ ಹೊರಟಿರೋ ಅದಕ್ಕೇ ಮತ್ತೆ ಸಿಕ್ಕಿಕೊಳ್ಳುತ್ತೀರಿ. ಹತ್ತು ದಿನದ ಗುಂಪು ಪ್ರವಾಸದಲ್ಲಿ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿಗೆ ಸಿಗುವುದು ಒಂದೆರಡು ಗಂಟೆ. ಅಲ್ಲಿ ಪ್ರದರ್ಶನಕ್ಕಿರುವುದು ಸುಮಾರು 35,000 ವಸ್ತು. ಮೋನಾಲಿಸಾ 77 ಸೆಂಟಿಮೀಟರ್ ಎತ್ತರದ ಚಿತ್ರ, ಗಾಜಿನ ಹಿಂದೆ, ಅದರ ಮುಂದೆ ಜನಸಾಗರ. ಮೂರು ಲಕ್ಷ ಕೊಟ್ಟು ಆ ಬೆಂಗಳೂರಿನ ತಲೆನೋವನ್ನು ಹತ್ತುಪಟ್ಟು ತರಬೇಡಿ. ಮುಂದೆ ಯಾವತ್ತಾದರೂ ನಿಮ್ಮದೇ ಉಳಿತಾಯದಲ್ಲಿ, ಒಂದು ಊರು, ಒಂದು ವಾರ, ಒಂದು ಪ್ರಶ್ನೆ ಅಂತ ಹೋಗುವ ಕಾಲ ಬಂದರೆ ಖುಷಿಯಾಗಿ ಹೋಗಿ. ಆಗ ನಾನೇ ಪಟ್ಟಿ ಮಾಡಿಕೊಡುತ್ತೇನೆ. ಅದಕ್ಕೂ ಮುಂಚೆ ಅಜಂತಾ ಇದೆ.

ಅಲ್ಲಿಯ ತನಕ ದೊಡ್ಡ ಮ್ಯೂಸಿಯಮ್ಮುಗಳು ಕಂಪ್ಯೂಟರಿನಲ್ಲಿ ಸಿಗುತ್ತವೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ ತಮ್ಮ ಸಂಗ್ರಹದ ಬಹಳಷ್ಟನ್ನು ಉಚಿತವಾಗಿ, ದೊಡ್ಡ ಗಾತ್ರದಲ್ಲಿ ಕೊಟ್ಟಿವೆ. ಕುಂಚದ ಗುರುತು ಕಾಣುವಷ್ಟು ಹತ್ತಿರ ಹೋಗಬಹುದು. ಆದರೆ ಬಣ್ಣ ಮತ್ತು ಅಳತೆಯನ್ನು ಪರದೆ ನಂಬಿ ತೀರ್ಮಾನ ಮಾಡಬೇಡಿ.

ತಂಗಿಯ ಮಾತಿನಲ್ಲಿ ಅರ್ಥ ಇದೆ. ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಚಿತ್ರಕಲಾ ಕಾಲೇಜು ಕಾವಾದಲ್ಲಿ ಪದವಿ, ಸ್ನಾತಕೋತ್ತರ ಎರಡೂ ಇವೆ. ಕಾಲೇಜು ಕೊಡುವ ದೊಡ್ಡ ವಸ್ತು ಪಾಠ ಅಲ್ಲ, ಪಕ್ಕದಲ್ಲಿ ಕೂತು ಬರೆಯುವ ಜನ ಮತ್ತು ತಪ್ಪನ್ನು ಮುಖಕ್ಕೆ ಹೇಳುವ ಕಣ್ಣು. ಆದರೆ ಪದವಿ ಅಂದರೆ ನಾಲ್ಕು ವರ್ಷ, ಪೂರ್ತಿ ಸಮಯ, ಸಂಬಳ ಇಲ್ಲ. ಖಾಯಂ ಕೆಲಸಕ್ಕೆ ಪದವಿ ಬೇಕು ಅಂತಿದ್ದರೆ ಅದು ಬೇರೆ ಲೆಕ್ಕ, ಆಗ ಸೇರಿ. ಬಿಳಿ ಕ್ಯಾನ್ವಾಸಿಗೆ ಹೆದರಿ ಸೇರಬೇಡಿ, ಆ ಕ್ಯಾನ್ವಾಸು ಹಾಸ್ಟೆಲಿಗೂ ಬರುತ್ತೆ. ಇಬ್ಬರು ಮೂವರು ಗೆಳತಿಯರು ಸೇರಿ ಭಾನುವಾರ ಎದುರಿಗೆ ಕೂತು ಬರೆಯುವುದನ್ನು ಶುರುಮಾಡಿದರೆ ಕಾಲೇಜಿನ ಅರ್ಧ ಲಾಭ ಸಿಗುತ್ತೆ. ಬೇರೆ ಕಲೆ ಕಲಿಯುವುದೂ ಓದೇ. ಚಿತ್ರಕಾರ ಕೆ.ಕೆ. ಹೆಬ್ಬಾರರು ಲಯ ಅರ್ಥ ಮಾಡಿಕೊಳ್ಳಲು ಕಥಕ್ ಕಲಿತರು, ವೆಂಕಟಪ್ಪನವರು ವೀಣೆ ಶೇಷಣ್ಣನವರ ಹತ್ತಿರ ವೀಣೆ ಕಲಿತರು.

ಇನ್ನೊಂದು ವಿಷಯ. ಚಿತ್ರ ಮಾತ್ರ ಅಲ್ಲ, ಊಟ, ನಿದ್ದೆ, ಮಕ್ಕಳ ಮಾತು ಯಾವುದೂ ಬೇಡ ಅನಿಸುತ್ತಿದ್ದರೆ, ಅದು ವಾರಗಟ್ಟಲೆ ಹಾಗೇ ಇದ್ದರೆ, ವೈದ್ಯರನ್ನು ಕಾಣಿ. ಅದಕ್ಕೆ ಮ್ಯೂಸಿಯಂ ಮದ್ದಲ್ಲ.

ಆರ್ಡರ್ ನಿಲ್ಲಿಸಬೇಡಿ. ಆದರೆ ಸಾಧ್ಯ ಇರುವ ಕಡೆ "ಅರ್ಧ ಗಂಟೆ ಬಂದು ಎದುರಿಗೆ ಕೂತುಕೊಳ್ಳಿ" ಅಂತ ಕೇಳಿ. ಹತ್ತರಲ್ಲಿ ಇಬ್ಬರಾದರೂ ಬರುತ್ತಾರೆ. ಆ ಅರ್ಧ ಗಂಟೆಯಲ್ಲಿ ಬರೀ ನೆರಳುಗಳ ಬಣ್ಣ ಗುರುತು ಹಾಕಿಕೊಳ್ಳಿ, ಹೋಲಿಕೆಗೆ ಫೋಟೋ ಇದ್ದೇ ಇದೆ. ಕಬ್ಬಿನ ಕಾಲದಲ್ಲಿ ನಿಮ್ಮ ಕಡೆ ಆಲೆಮನೆ ನಡೆಯುತ್ತಿರುತ್ತೆ. ಸಂಜೆ ಹೊತ್ತು ಅಲ್ಲಿ ಹೋಗಿ ನಿಂತು ನೋಡಿ. ಕೊಪ್ಪರಿಗೆಯ ಹಬೆಯ ಮೇಲೆ ಒಲೆಯ ಬೆಂಕಿ ಬಿದ್ದು, ಹೊರಗಿನ ನೀಲಿ ಸಂಜೆ ಆ ಕಡೆಯಿಂದ ಬಂದು, ಪಾಕ ಕಲಕುವವನ ಬೆನ್ನಿನ ಮೇಲೆ ಎರಡೂ ಬಣ್ಣ ಒಟ್ಟಿಗೆ ನಿಂತಿರುತ್ತೆ. ನಾನು ಅದನ್ನು ಮೂರು ವರ್ಷ ಪ್ರಯತ್ನಪಟ್ಟೆ, ಹಬೆ ನನಗೆ ಬರಲಿಲ್ಲ. ನಿಮಗೆ ಬರಬಹುದು, ನೀವು ಅಲ್ಲೇ ಹುಟ್ಟಿ ಬೆಳೆದವರು.

ಸದ್ಯಕ್ಕೆ ಆ ಬಿಳಿ ಕ್ಯಾನ್ವಾಸನ್ನು ಗೋಡೆ ಕಡೆ ತಿರುಗಿಸಿಡಿ. ಒಂದು ಪೋಸ್ಟ್‌ಕಾರ್ಡ್ ತಗೊಂಡು ನಡುವೆ ಕಡಲೆಕಾಳಿನಷ್ಟು ತೂತು ಮಾಡಿ. ನಾಳೆ ಸಂಜೆ ಐದಕ್ಕೆ ಆ ತಾಮ್ರದ ಚೆಂಬನ್ನು ಕಿಟಕಿ ಹತ್ತಿರ ಇಟ್ಟು, ತೂತಿನ ಮೂಲಕ ನೆರಳನ್ನು ಮಾತ್ರ ನೋಡಿ. ಸುತ್ತಲಿನದು ಮರೆಯಾದಾಗ ಅದು ಯಾವ ಬಣ್ಣ ಅಂತ ಥಟ್ಟನೆ ಗೊತ್ತಾಗುತ್ತೆ. ಕಪ್ಪು ಟ್ಯೂಬನ್ನು ಡಬ್ಬಿಯಿಂದ ಎತ್ತಿ ಬೇರೆ ಕಡೆ ಇಡಿ. ನೀಲಿ, ಕೆಂಗಂದು, ಹಳದಿ, ಬಿಳಿ, ಈ ನಾಲ್ಕರಲ್ಲಿ ಆ ನೆರಳನ್ನು ಬೆರೆಸಿ. ಹದಿನೈದು ದಿನ ಅದೇ ಚೆಂಬು, ಅದೇ ಹೊತ್ತು, ಅಂಗೈ ಅಗಲದ ಕಾಗದ. ಆಮೇಲೆ ಹದಿನೈದನ್ನೂ ಸಾಲಾಗಿ ಜೋಡಿಸಿ ಫೋಟೋ ತೆಗೆದು ನನಗೆ ಕಳಿಸಿ, ಕೆಟ್ಟದ್ದು ಅನಿಸಿದ್ದನ್ನೂ ಬಿಡಬೇಡಿ. ಯಾವ ದಿನ ಮೋಡ ಇತ್ತು ಅಂತ ಹಿಂದೆ ಬರೆದಿರಿ.